ಅಜ್ಜಿಯ ಮನೆಯ ಬೇಸ್‌ಮೆಂಟ್

ಹೆಣ್ಣು ಹೆತ್ತವರು ಗಂಡಿನ ಮನೆಯಲ್ಲಿ ತಲೆ ತಗ್ಗಿಸಿ ಕೂರಬೇಕು ಎಂದು ನನ್ನ ಹೆಂಡತಿ ನಮ್ಮೂರು ಬ್ರಿಡ್ಜ್‌ವಾಟರ್‌ನಿಂದ ಗಂಡಿನ ಊರು ಹ್ಯಾರಿಸನ್‌ವರೆಗೂ ಕಾರಿನಲ್ಲಿ ಪಾಠ ಹೇಳಿದ್ದಳು. "ಅದು ಸರಿ ಇಲ್ಲ, ಇದು ಸರಿ ಇಲ್ಲ ಅಂತ ಕೊಂಕು ತಗೀಬ್ಯಾಡ್ರಿ ಮತ್ತ." ನನ್ನ ಬಾಯಿಯ ಮೇಲೆ ಅವಳಿಗೆ ಎಂದೂ ನಂಬಿಕೆಯಿಲ್ಲ.

ಮಗಳು ಮೆಚ್ಚಿದ ಹುಡುಗನನ್ನು ಸಾಕಿ ಬೆಳೆಸಿದವರು ಅವನ ಅಜ್ಜಿ, ಐರ್ಲೆಂಡಿನ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದವರು. ಮದುವೆಯಾದ ಮೇಲೆ ಇಬ್ಬರೂ ಇರುವುದು ಅಜ್ಜಿಯ ಈ ಹಳೆಯ ಮನೆಯಲ್ಲೇ. ಅವರು ಒಪ್ಪದೆ ಹುಡುಗ ಮುಂದಡಿ ಇಡುವವನಲ್ಲ.

ಚಹಾ ಆಯಿತು. ಇನ್ನು ಮನೆ ನೋಡಿ ಬನ್ನಿ ಎಂದರು ಅಜ್ಜಿ. "ನೋ ನೋ, ಎವೆರಿಥಿಂಗ್ ಈಸ್ ಫೈನ್" ಎಂದು ನಕ್ಕೆ. ಮತ್ತೆ ಹೇಳಿದರು, ಮತ್ತೆ ನಕ್ಕೆ. ಅವರ ಮುಖ ಗಂಟಾಯಿತು. ಕಪ್ಪುಗಳನ್ನು ಒಳಗೆ ಒಯ್ದವರು ಹೊರಗೆ ಬರಲೇ ಇಲ್ಲ.

ಹುಡುಗ ಒಳಗೆ ಹೋಗಿ, ಬಿಳಿಚಿಕೊಂಡು ಬಂದ. ಅಜ್ಜಿಯ ಊರಿನಲ್ಲಿ ಸಂಬಂಧ ಕೂಡಿಸುವವನು ಹೆಣ್ಣಿನ ತಂದೆಯನ್ನು ಕರೆತಂದು ಗಂಡಿನ ಹೊಲ, ಕೊಟ್ಟಿಗೆ ಎಲ್ಲ ಸುತ್ತಿಸುತ್ತಿದ್ದನಂತೆ. ತಂದೆ ನೋಡದೆ ಎದ್ದರೆ ಸಂಬಂಧ ಬೇಡ ಎಂದೇ ಅರ್ಥವಂತೆ.

"ಅಪ್ಪಾ, ಶೀ ಥಿಂಕ್ಸ್ ಯೂ ಸೆಡ್ ನೋ" ಎಂದಳು ಮಗಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು, ಮನೆ ನೋಡುತ್ತೇನೆ, ಮೊದಲು ಬೇಸ್‌ಮೆಂಟ್ ತೋರಿಸಿ ಎಂದೆ. ಅಜ್ಜಿ ಲೈಟ್ ಹಾಕಿ ಮುಂದೆ ಇಳಿದರು. ಕೆಳಗೆ ಗೋಡೆಯೆಲ್ಲ ಒದ್ದೆ, ಬೂಷ್ಟಿನ ವಾಸನೆ. ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿ "ಸುಮ್ನಿರ್ರಿ" ಎಂದಳು. ನಾನು ಸುಮ್ಮನಿರುವ ಆಸಾಮಿಯೇ? ನನ್ನ ಮಗಳಿಗೆ ಚಿಕ್ಕಂದಿನಿಂದ ಉಬ್ಬಸ, ಈ ಗೋಡೆ ರಿಪೇರಿಯಾಗುವವರೆಗೆ ಅವಳು ಈ ಮನೆಗೆ ಬರುವುದಿಲ್ಲ ಎಂದುಬಿಟ್ಟೆ. ಹುಡುಗ ಕಣ್ಣು ಮುಚ್ಚಿಕೊಂಡ.

ಅಜ್ಜಿ ನನ್ನನ್ನೇ ನೋಡುತ್ತ ನಿಂತರು. ತಮ್ಮ ತಂದೆಯೂ ಹೀಗೆ ಕೆದಕಿ ನೋಡಿದ್ದರೆ ಚೆನ್ನಾಗಿತ್ತು, ಗಂಡಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳೆಲ್ಲ ಪಕ್ಕದ ಮನೆಯವು ಎಂದು ಮದುವೆಯಾದ ಮೇಲೆ ತಿಳಿಯಿತು ಎಂದರು. ಗೋಡೆ ರಿಪೇರಿ ಮಾಡಿಸುತ್ತೇನೆ ಎಂದು, ಅಂಗೈಗೆ ಉಗುಳಿ ಕೈ ಚಾಚಿದರು. ಅವರಲ್ಲಿ ಮಾತು ಪಕ್ಕಾ ಆಗುವುದೇ ಹಾಗಂತೆ.

ಎಂಜಲು ಲೋಟ ಮುಟ್ಟಿದರೆ ಕೈ ತೊಳೆಯುವ ಮನೆಯಲ್ಲಿ ಬೆಳೆದವನು ನಾನು. "ಶಿವನೇ!" ಎಂದಳು ಹೆಂಡತಿ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ನಾನೂ ಅಂಗೈಗೆ ಉಗುಳಿಕೊಂಡು ಆ ಕೈ ಗಟ್ಟಿಯಾಗಿ ಹಿಡಿದೆ. ಮಗಳು ಮೆಟ್ಟಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟಳು.