ಕಿವಿಯ ಹಿಂದಿನ ಉಣ್ಣಿ

ನಮ್ಮೂರು ಹೊರ್ತಿಯ ದನದ ದವಾಖಾನೆಗೆ ಬಂದಿದ್ದ ಡಾಕ್ಟರಬಾಯಿ, ಯಾವ ದನ ಕಂಡರೂ ಮೊದಲು ಅದರ ಕಿವಿ ಮಡಚಿ ನೋಡುತ್ತಿದ್ದರು. "ಉಣ್ಣಿ ಭಾಳ ಶಾಣ್ಯಾ ಐತ್ರಿ" ಎಂಬುದು ಅವರ ಮಾತು.

ನನ್ನ ಎತ್ತು ಮೇವು ಬಿಟ್ಟು ಜ್ವರದಿಂದ ಕುಸಿದಾಗ, ದೃಷ್ಟಿ ತಾಗಿದೆ ಎಂದು ನಾನು ಬೂದಿ ಹಚ್ಚಿ ಕೂತಿದ್ದೆ. ಅವರು ಮನೆಗೆ ಬಂದು ಅದರ ಕಿವಿಯೊಳಗಿನ ಉಣ್ಣಿಗಳನ್ನು ತೋರಿಸಿ, ಜ್ವರ ಇವುಗಳಿಂದಲೇ ಬಂದದ್ದು, ಸೂಜಿ ಹಾಕಬೇಕು ಎಂದರು. ನಮ್ಮನೆ ಕಟ್ಟೆಯ ಮೇಲೆ ಕೂತವರ ಎದುರು ನಾನು ಗೇಲಿ ಮಾಡಿದೆ.

"ಇಷ್ಟು ಉಣ್ಣಿ ಕಡದಿದ್ರ ಎತ್ತು ಕಿವಿ ಝಾಡಸ್ತಿರಲಿಲ್ಲೇನ, ತಂಗಿ?"

"ಅದರ ಉಗುಳಿನ್ಯಾಗ ನೋವು ಮರಸೂದೂ ಐತಿ, ರಕ್ತ ಹೆಪ್ಪುಗಟ್ಟದಂಗ ಮಾಡೂದೂ ಐತಿ. ಕಡದದ್ದು ಗೊತ್ತಾಗೂದಿಲ್ರಿ, ಕಾಕಾ."

"ನಮಗ ಕಡದ್ರ ಗೊತ್ತಾಗತೈತಿ ಬಿಡು."

ಅವರು ನಗಲಿಲ್ಲ. ಚಿಮಟ ತೆಗೆದು, ನನ್ನ ಕಿವಿಯ ಹಿಂದೆ ರಕ್ತ ಕುಡಿದು ಉಬ್ಬಿದ್ದ ಉಣ್ಣಿಯೊಂದನ್ನು ನೆಟ್ಟಗೆ ಎಳೆದು ನನ್ನ ಅಂಗೈಯಲ್ಲಿಟ್ಟರು.

"ಇದು ಯಾವಾಗ ಕಡೀತ್ರಿ?"

ಕಟ್ಟೆಯವರೆಲ್ಲ ನಕ್ಕರು. ಸೂಜಿ ಹಾಕಲೆಂದು ನಾನು ಎತ್ತಿನ ಹಗ್ಗ ಹಿಡಿದು ನಿಂತೆ.

ಎತ್ತು ಬದುಕಿತು. ಡಾಕ್ಟರಬಾಯಿ ಸಿಂದಗಿಗೆ ವರ್ಗವಾಗಿ ಹೋದರು. ಅಂಥವರು ನಮ್ಮೂರಲ್ಲಿದ್ದರೆಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ, ನನ್ನ ಗೇಲಿಯನ್ನೂ ಬಿಡದೆ ಹೇಳುತ್ತೇನೆ. ಈಗಲೂ ಎತ್ತಿನ ಕಿವಿ ಮಡಚುವ ಮೊದಲು ನನ್ನ ಕಿವಿಯ ಹಿಂದೆ ಕೈಯಾಡಿಸುತ್ತೇನೆ.