ಗುರಮ್ಮತ್ತೆ ಕರೆದ ಮಂದಿ

ಕುಂಕುಮದ ಭರಣಿ ಹಿಡಿದು ಫುಟ್‌ಬಾಲ್ ಪಂದ್ಯಕ್ಕೆ ಮನೆಮನೆಗೆ ಕರೆಯಲು ಹೋದವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಅವರು ನಮ್ಮ ಸತ್ಯನಾರಾಯಣಪೇಟೆಯ ಗುರಮ್ಮತ್ತೆ. ಸೋದರತ್ತೆಯೇನಲ್ಲ, ಪಕ್ಕದ ಮನೆಯವರು. ಆದರೆ ಪೇಟೆಯಲ್ಲಿ ಅವರನ್ನು ಅತ್ತೆ ಎನ್ನದ ಹುಡುಗರೇ ಇರಲಿಲ್ಲ. ಮಾತು ಜೋರು, ನಗು ಅದಕ್ಕಿಂತ ಜೋರು. ಗೋಲ್ ಅಂದರೇನು ಎಂಬುದು ಮಾತ್ರ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಾನು ನಮ್ಮೂರಿನ ಗಾಂಧಿನಗರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ ನಮ್ಮ ಪುಟ್ಟ ಕ್ಲಬ್ಬಿಗೆ ಗೋಲ್‌ಕೀಪರ್ ಆಗಿದ್ದೆ. ನಮ್ಮ ಆಟ ನೋಡುವವರೆಂದರೆ ನೆರಳಿಗೆ ಬಂದು ಕೂತ ಆಟೋದವರು, ಅಷ್ಟೇ. ಜಾಗ ಕೊಟ್ಟಿದ್ದ ಸಾಹುಕಾರರು ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟರು: "ನೋಡೋರ ಇಲ್ಲದ ಆಟಕ್ಕ ಜಾಗ ಯಾಕ ಬೇಕು? ಸಿರುಗುಪ್ಪದವರ ಜೊತಿ ಮ್ಯಾಚಿಗೂ ಮಂದಿ ಬರಲಿಲ್ಲಂದ್ರ ಕ್ರಿಕೆಟ್‌ನವರಿಗೆ ಕೊಟ್ಟುಬಿಡ್ತೀನಿ."

ಪೋಸ್ಟರ್ ಅಂಟಿಸಿದೆವು, ವಾಟ್ಸಾಪಿನಲ್ಲಿ ಹಾಕಿದೆವು. ಹೆಬ್ಬೆರಳು ತೋರಿಸಿದವರು ಬಹಳ, ಬರುತ್ತೇನೆಂದವರು ಯಾರೂ ಇಲ್ಲ. ಮೋರೆ ಸಣ್ಣದು ಮಾಡಿಕೊಂಡು ಗುರಮ್ಮತ್ತೆಯ ಕಟ್ಟೆಯ ಮೇಲೆ ಕೂತೆ.

"ಫೋನಿನ್ಯಾಗ ಹಾಕಿದ್ರ ಯಾರು ಬರ್ತಾರಲೇ ಮಲ್ಲೀ? ಲಗ್ನಕ್ಕ ಮಂದಿ ಪತ್ರಿಕಿ ನೋಡಿ ಬರಂಗಿಲ್ಲ. ಮನಿತನಕ ಬಂದು ಕರೆದಾರಂತ ಬರ್ತಾರ."

ಮರುದಿನವೇ ಇಳಕಲ್ ಸೀರೆ ಉಟ್ಟು ಹೊರಟರು. ಹೊಸ್ತಿಲೊಳಗೆ ಕಾಲಿಟ್ಟು, ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ, "ಐತವಾರ ಸಂಜಿಗೆ ನಮ್ಮ ಹುಡುಗರದು ಆಟ ಐತಿ, ಮನಿಮಂದಿ ಎಲ್ಲಾ ಬರ್ರಿ" ಎನ್ನುವರು. ಹಾಗೆ ಕರೆದ ಮೇಲೆ ಹೋಗದಿರುವುದು ಹೇಗೆ?

ಭಾನುವಾರ ಮೈದಾನದ ಸುತ್ತ ಜಮಖಾನೆಗಳು ಹರಡಿಕೊಂಡವು. ಡಬ್ಬಿಗಳಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ನಮಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಸಿರುಗುಪ್ಪದವರು ಮೊದಲ ಗೋಲ್ ಹೊಡೆದಾಗ ಅರ್ಧ ಮೈದಾನ ಚಪ್ಪಾಳೆ ತಟ್ಟಿತು! ಗುರಮ್ಮತ್ತೆ ಸಿರುಗುಪ್ಪ, ಅದರ ಹತ್ತಿರದ ತೆಕ್ಕಲಕೋಟೆಯಿಂದ ನಮ್ಮ ಪೇಟೆಗೆ ಸೊಸೆಯಾಗಿ ಬಂದವರನ್ನೆಲ್ಲ ಹುಡುಕಿ ಹುಡುಕಿ ಕರೆದಿದ್ದರು. ಅವರು ತವರಿನವರನ್ನೂ ಕರೆಸಿದ್ದರು.

ಅರ್ಧ ಆಟ ಮುಗಿದದ್ದೇ ತಡ, ಸಿಟ್ಟಿನಿಂದ ಅವರತ್ತ ಓಡಿದೆ. "ಅತ್ತೀ, ನಮ್ಮ ಮಂದೀನ ಕರೀರಿ ಅಂದ್ರ ಅವರ ಕಡಿಯವರನ್ನೂ ಕರೆದೀರಲ್ರೀ!"

"ಗಂಡಿನ ಕಡಿಯವರಷ್ಟ ಬಂದ್ರ ಲಗ್ನ ಆಕ್ಕೈತೇನಲೇ? ಹೋಗು, ಮಿರ್ಚಿ ಆರತಾವು, ಆ ಹುಡುಗರಿಗೂ ಕೊಡು."

ಆ ಪಂದ್ಯ ಸೋತೆವು. ಸಾಹುಕಾರರು ಜಮಖಾನೆಯ ಮೇಲೆ ಕೂತು ಎರಡನೇ ಸಲ ಒಗ್ಗರಣೆ ಹಾಕಿಸಿಕೊಳ್ಳುತ್ತಿದ್ದರು. ಜಾಗದ ಮಾತನ್ನು ಮತ್ತೆ ಎತ್ತಲಿಲ್ಲ. ನಮ್ಮ ಕ್ಲಬ್ ಇವತ್ತು ಉಸಿರಾಡುತ್ತಿದ್ದರೆ ಅದು ಆ ತಾಯಿಯ ಪುಣ್ಯ. ಆಮೇಲೆ ಪ್ರತಿ ಪಂದ್ಯಕ್ಕೂ ಅವರೇ ಎರಡೂ ಕಡೆಯವರನ್ನು ಕರೆದರು.

ಕಳೆದ ವರ್ಷ ಮೈಗೆ ಆರಾಮಿಲ್ಲದೆ ಕುರುಗೋಡಿನ ಮಗಳ ಮನೆಗೆ ಹೋದವರು ತಿರುಗಿ ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನಮ್ಮ ಮೊದಲ ಪಂದ್ಯ ಕುರುಗೋಡಿನವರ ಮೇಲೆಯೇ ಇತ್ತು. ಯಾರನ್ನೂ ಕರೆಯುವ ಮನಸ್ಸು ನಮಗಿರಲಿಲ್ಲ. ಈ ಸಲ ಯಾರು ಬರುತ್ತಾರೆ ಎಂದುಕೊಂಡೇ ಮೈದಾನಕ್ಕೆ ಹೋದೆ. ನೋಡಿದರೆ ಜಮಖಾನೆ ಹಾಸಲು ಜಾಗವಿಲ್ಲ. ಸಿರುಗುಪ್ಪದಿಂದಲೂ ಒಂದಷ್ಟು ಹೆಣ್ಣುಮಕ್ಕಳು ಬಸ್ ಹಿಡಿದು ಬಂದಿದ್ದರು.

ಕಣ್ಣು ಮಂಜಾಗಿ ಒರೆಸಿಕೊಳ್ಳುವಷ್ಟರಲ್ಲಿ ಕುರುಗೋಡಿನ ಹುಡುಗ ಹೊಡೆದ ಚೆಂಡು ನನ್ನ ಪಕ್ಕದಿಂದ ಒಳಗೆ ಹೋಯಿತು. ಜೋರು ಚಪ್ಪಾಳೆ ಬಿತ್ತು. ತಿರುಗಿ ನೋಡಿದೆ. ತಟ್ಟುತ್ತಿದ್ದವರಲ್ಲಿ ಕುರುಗೋಡಿನ ನಂಟೇ ಇಲ್ಲದ ನಮ್ಮವ್ವನೂ ಇದ್ದಳು.