ರೋಮನಿವಾರಕದ ಅರ್ಥ ಹೇಳಿದವನು

ಸವಿತಾ, ಅಂದು ಆ ಚೀಟಿಯನ್ನು ನಾನು ಓದಲೇ ಇಲ್ಲ. ಓದಿದಂತೆ ನಟಿಸಿದೆ. ನಿನ್ನ ದವಡೆಯ ಮೇಲಿನ ಕಲೆಗೆ ಕಾರಣ ನೀನಲ್ಲ, ನಿನ್ನ ಸೋದರಮಾವನಾದ ನಾನು — ಇಷ್ಟು ಬರೆಯಲು ಹದಿನಾರು ವರ್ಷ ಹಿಡಿಯಿತು.

ಹೊನ್ನಾಳಿಯಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವನು ನಾನು. ನಮ್ಮ ಓಣಿಗೆ ಬಂದ ಯಾವ ಕಾಗದವೂ ನನ್ನ ಕನ್ನಡಕದ ಅಪ್ಪಣೆಯಿಲ್ಲದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯಾಗಲಿ, ಬ್ಯಾಂಕಿನ ನೋಟೀಸಾಗಲಿ, ಮೇಷ್ಟ್ರ ಹತ್ರ ಒಯ್ಯಿ ಅನ್ನುತ್ತಿದ್ದರು. ಇಂಗ್ಲಿಷಾದರೆ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಅರ್ಥವನ್ನು ಅಂದಾಜಿನ ಮೇಲೆ ದಯಪಾಲಿಸುತ್ತಿದ್ದೆ. ಬಹಳ ಸಲ ಅಂದಾಜು ಸರಿಹೋಗುತ್ತಿತ್ತು. ಕೆಟ್ಟದ್ದು ಅಲ್ಲೇ.

ಚನ್ನಗಿರಿಯವರು ನಿನ್ನನ್ನು ನೋಡಲು ಬರುವುದಕ್ಕೆ ಮೂರು ದಿನವಿತ್ತು. ಮಧ್ಯಾಹ್ನ, ನಿಮ್ಮವ್ವ — ನನ್ನ ಅಕ್ಕ — ಹಿತ್ತಲಲ್ಲಿದ್ದಾಗ, ನೀನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ಒಂದು ಡಬ್ಬಿ ತಂದೆ. ಗೆಳತಿ ದಾವಣಗೆರೆಯಿಂದ ತಂದುಕೊಟ್ಟ ಕ್ರೀಮು. ಮೇಲ್ದುಟಿಯ ಮೇಲೆ, ದವಡೆಯ ಅಂಚಿನಲ್ಲಿ ನಿನಗಿದ್ದ ಆ ನವಿರು ಕೂದಲು ನಮಗಾರಿಗೂ ಕಂಡಿರಲಿಲ್ಲ. ನಿನಗೆ ಮಾತ್ರ ಕನ್ನಡಿ ತುಂಬ ಅದೇ ಕಾಣುತ್ತಿತ್ತು. ಡಬ್ಬಿಯ ಮೇಲೆ ‘ಡೆಪಿಲೇಟರಿ’ ಎಂದಿತ್ತು. ಅರ್ಥವೇನೆಂದು ನೀನು ಕೇಳಿದೆ.

ಕೇಳಬೇಕೆ! ನಾನು ನಿಘಂಟು ಇಳಿಸಿದೆ. ‘ರೋಮನಿವಾರಕ’ ಎಂದು ಘೋಷಿಸಿದೆ. ರೋಮಗಳ ನಿವಾರಕ, ಷಷ್ಠೀ ತತ್ಪುರುಷ ಸಮಾಸ. ಎಲ್ಲಿ, ಸ್ವಂತ ವಾಕ್ಯದಲ್ಲಿ ಬಳಸು ಎಂದೆ. ನೀನು ನಗು ತಡೆದುಕೊಂಡು ಹೇಳಿದೆ: “ಭಾನುವಾರ ಬರೋರಿಗೆ ರೋಮನಿವಾರಕದ ಸುದ್ದಿ ಗೊತ್ತಾಗಬಾರ್ದು.” ನೂರಕ್ಕೆ ನೂರು ಕೊಟ್ಟೆ. ನಾವಿಬ್ಬರೂ ಹಾಗೆ ನಕ್ಕದ್ದು ಅದೇ ಕೊನೆ.

ಆಮೇಲೆ ನೀನು ಡಬ್ಬಿಯೊಳಗಿನ ಚೀಟಿ ಬಿಚ್ಚಿ ನನ್ನ ಕೈಗಿತ್ತೆ. “ಮುಖಕ್ಕೆ ಹಚ್ಚಾಕೆ ಬರುತ್ತೇನ್ ಮಾವ? ಎಷ್ಟೊತ್ತು ಬಿಡಬೇಕು? ಸರಿಯಾಗಿ ಓದಿ ಹೇಳ್ರಿ.”

ಇರುವೆ ಸಾಲಿನಂಥ ಇಂಗ್ಲಿಷು. ಎರಡು ಸಾಲಿಗೇ ದಮ್ಮು ಕಟ್ಟಿತು. ತಿಳಿಯಲಿಲ್ಲ ಮಗಾ ಅಂದಿದ್ದರೆ — ಅನ್ನಲಿಲ್ಲ. ಈಗ ತಾನೇ ಸಮಾಸ ಬಿಡಿಸಿದ ಬಾಯಿ. ಕಣ್ಣಾಡಿಸಿದೆ, ಮೂರು ಕಡೆ “ಹೂಂ” ಎಂದೆ, ಹಿಂದೆ ತಿರುಗಿಸಿಯೂ ನೋಡಿದೆ. ಮನೆಯಲ್ಲಿ ಕಡಲೆಹಿಟ್ಟು ಅರಿಶಿನ ಹಚ್ಚಿಕೊಂಡು ಕೂತಿರುವವರನ್ನು ಕಂಡಿದ್ದೆ. ನನ್ನ ಜ್ಞಾನವೆಲ್ಲ ಅಷ್ಟೇ.

“ಮುಖಕ್ಕೂ ಹಚ್ಚಬಹುದು ಅಂತ ಬರ್ದೈತೆ. ಅರ್ಧ ಗಂಟೆ ಬಿಡು.”

ಉರಿ ಹತ್ತಿದರೂ ನೀನು ತೊಳೆಯಲಿಲ್ಲವಂತೆ. ಮಾವ ಅರ್ಧ ಗಂಟೆ ಅಂದಿದ್ದಾರೆ ಎಂದು ಗಡಿಯಾರ ನೋಡುತ್ತ ಕೂತಿದ್ದೆಯಂತೆ. ಇದನ್ನು ನೀನೇ ಆಮೇಲೆ ಹೇಳಿದ್ದು, ದೂರಾಗಿ ಅಲ್ಲ. “ನಾನೇ ಹೊತ್ತು ಜಾಸ್ತಿ ಬಿಟ್ಟೆ ಅನ್ಸುತ್ತೆ ಮಾವ.” “ಇರಬಹುದು” ಎಂದೆ ನಾನು. ಸವಿತಾ, ಹಾಗೆಂದೆ.

ಚರ್ಮ ಸುಲಿದು ಕೆಂಪಾಗಿತ್ತು. ಚನ್ನಗಿರಿಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದಾಯಿತು. ಅಕ್ಕ ನನ್ನನ್ನು ಪಡಸಾಲೆಗೆ ಕರೆದು ಕೇಳಿದಳು: “ನಿನಗೇನಾದ್ರೂ ತೋರ್ಸಿದ್ಲೇನೋ ಇವಳು?”

“ಇಲ್ಲಕ್ಕ.”

ನೀನು ಒಳಗೆ, ಬಾಗಿಲ ಮರೆಯಲ್ಲೇ ಇದ್ದೆ. ಕೇಳಿಸಿಕೊಂಡೆ. ಆದರೂ ನಿಮ್ಮವ್ವನಿಗೆ ನನ್ನ ಹೆಸರು ಹೇಳಲಿಲ್ಲ — ಅಂದೂ, ಎಂದೂ.

ಚೀಟಿಯನ್ನು ನಾನೇ ಎತ್ತಿಕೊಂಡು ಹೋಗಿದ್ದೆ. ಒಂದು ಮಧ್ಯಾಹ್ನವಿಡೀ ನಿಘಂಟಿನೊಡನೆ ಕೂತು ಬಿಡಿಸಿದೆ. ಮುಖಕ್ಕೆ ಬಳಸಬಾರದು. ಐದು ನಿಮಿಷ ಮೀರಬಾರದು. ಎರಡೂ ದಪ್ಪ ಅಕ್ಷರದಲ್ಲೇ ಇದ್ದವು. ಬಚ್ಚಲೊಲೆಗೆ ಹಾಕಿದೆ.

ಅಲ್ಲಿಂದ ಮುಂದೆ ಅಕ್ಕನ ಬಾಯಲ್ಲಿ ಒಂದೇ ಮಾತು: ಕೈಯಾರೆ ಮುಖ ಕೆಡಿಸ್ಕೊಂಡ್ಲು. ನೆಂಟರೆದುರು, ನೆರೆಯವರೆದುರು, ನೀನು ಅನ್ನ ಬಡಿಸುತ್ತಿರುವಾಗ. ಕೇಳಿ ಕೇಳಿ ನೀನು ಜಗಳೂರಿನ ಹಾಸ್ಟೆಲ್ಲಿನಲ್ಲಿ ಕೆಲಸ ಹಿಡಿದು ಹೋದೆ. ಹಬ್ಬಕ್ಕೂ ಬರುವುದು ಬಿಟ್ಟೆ. ಅಕ್ಕ ನಿನ್ನ ಹಾದಿ ನೋಡುತ್ತಿದ್ದಳು, ಹಾದಿ ನೋಡುತ್ತಲೇ ಬಯ್ಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ಕಾಫಿ ಕುಡಿಯುತ್ತಿದ್ದೆ.

ಹೋದ ತಿಂಗಳು, ಕಣ್ಣು ಮುಚ್ಚುವ ಮುಂಚಿನ ದಿನ, ಅಕ್ಕ ನನ್ನ ಕೈ ಹಿಡಿದು ಕೇಳಿದಳು: “ಯಾಕೋ ಅಷ್ಟು ದೂರಾದ್ಲು ಅವಳು?” ಉತ್ತರ ನಾಲಗೆಯ ಮೇಲಿತ್ತು. ನೀರು ಕುಡಿಸಿದೆ.

ಅಕ್ಕನ ಶಿವಗಣಾರಾಧನೆಗೆ ನೀನು ಬಂದಿದ್ದೆ; ಆ ದಿನ ಪಂಕ್ತಿಯಲ್ಲಿ ಯಾರೋ ತಮ್ಮ ಮಗಳಿಗೆ ನಿನ್ನನ್ನು ತೋರಿಸಿ ಬುದ್ಧಿ ಹೇಳಿದರು. ನೀನು ತಲೆಬಗ್ಗಿಸಿ ಪಾಯಸ ಬಡಿಸಿದೆ. ನನ್ನೆಲೆಗೆ ಎರಡು ಸೌಟು ಹಾಕಿದೆ, ಮಾವನಿಗೆ ಇಷ್ಟ ಅಂತ. ನಾನು ಉಂಡೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ. ಬರುವ ಅಮಾವಾಸ್ಯೆಗೆ ನಮ್ಮವರೆಲ್ಲ ಮನೆಯಲ್ಲಿ ಸೇರುತ್ತಾರೆ. ಅವರೆದುರು ನಿಂತು, ಅಂದು ಏನಾಯಿತೆಂದು ನಾನೇ ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ. ಯಾರಿಗೆ ಮೊದಲು ಹೇಳಬೇಕಿತ್ತೋ ಅವಳೊಬ್ಬಳು ಮಾತ್ರ ಅಲ್ಲಿರುವುದಿಲ್ಲ.